ಪುಸ್ತಕ ಕೂರಿಸಲು ಯಾವುದು? ಪೇಜ್‌ಮೇಕರ್, ಇನ್‌ಡಿಸೈನ್, ಲಿಬ್ರೆಆಫೀಸ್ ಮತ್ತು ಸಿಡಿಲಿಗೆ ಹೋದ ಒಂದು ಡಾಂಗಲ್

ಪುಸ್ತಕದ ಪುಟ ಜೋಡಿಸುವ ಪೇಜ್‌ಮೇಕರ್, ಇನ್‌ಡಿಸೈನ್, ಲಿಬ್ರೆಆಫೀಸ್ ಎಂಬ ಮೂರು ತಂತ್ರಾಂಶಗಳಲ್ಲಿ ನನ್ನ ಓಟು ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ಗೆ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದಿ ‘ಇವಳು ಪಕ್ಷಪಾತಿ’ ಅನ್ನುವ ಶ್ರಮ ನಿಮಗೆ ಬೇಡ. ಪಕ್ಷಪಾತ ಇದೆ. ಅದು ಹೇಗೆ ಬಂತು ಅನ್ನುವುದಷ್ಟೇ ಈ ಬರಹ.

ಶಿರಸಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ಮದುವೆ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನ ಪ್ರಸಂಗಗಳ ಮರುಮುದ್ರಣ, ನಿವೃತ್ತಿಯಾದ ಮೇಲೆ ಬರೆಯಲು ಕೂತ ಮಾಸ್ತರುಗಳ ಊರಿನ ಇತಿಹಾಸ, ಇವೇ ಕೆಲಸಗಳು. ಮದುವೆ ಕಾಗದವನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಅದಕ್ಕೆ ಕೋರೆಲ್‌ಡ್ರಾ ಇದೆ, ಮದುವೆ ಮುಗಿದ ಮೇಲೆ ಆ ಫೈಲ್ ಯಾರೂ ಕೇಳುವುದಿಲ್ಲ. ಪುಸ್ತಕ ಹಾಗಲ್ಲ. ಹತ್ತು ಹದಿನೈದು ವರ್ಷ ಬಿಟ್ಟು ಯಾರೋ ಬಂದು ‘ಎರಡನೇ ಮುದ್ರಣ ಮಾಡ್ಬೇಕಿತ್ತು’ ಅನ್ನುತ್ತಾರೆ. ಆಗ ಫೈಲ್ ತೆರೆಯುತ್ತದೆಯೇ? ತೆರೆದರೆ ಒಳಗಿರುವುದು ಕನ್ನಡವಾಗಿರುತ್ತದೆಯೇ? ಎಷ್ಟು ಟೂಲ್ ಇದೆ, ಎಷ್ಟು ರ‍್ಯಾಮ್ ಬೇಕು ಅನ್ನುವುದೆಲ್ಲ ಅವರವರ ಜಾಲತಾಣದಲ್ಲೇ ಸಿಗುತ್ತದೆ. ನಾನು ಅಳೆಯುವುದು ಈ ಪ್ರಶ್ನೆಯಿಂದ.

ಅಂಗಡಿ ಶುರುವಾದ ಹೊಸತರಲ್ಲಿ ಒಂದು ಕಂಪನಿಯ ಕನ್ನಡ ಪ್ಯಾಕೇಜ್ ಕೊಂಡೆ. ಹೆಸರು ಬೇಡ. ಆಗಿನ ಎರಡು ತಿಂಗಳ ಬಾಡಿಗೆಯಷ್ಟು ದುಡ್ಡು. ಲೆಕ್ಕವಿಲ್ಲದಷ್ಟು ಫಾಂಟು, ಅಂಚಿಗೆ ಬಳ್ಳಿ ಚಿತ್ತಾರ, ಜೊತೆಗೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಒಂದು ಡಾಂಗಲ್. ಡಾಂಗಲ್ ಸಿಕ್ಕಿಸಿದರೆ ಅಕ್ಷರ ಮೂಡುತ್ತದೆ, ಕಿತ್ತರೆ ಇಲ್ಲ. ಅಕ್ಷರಗಳು ಮಾತ್ರ ನಿಜಕ್ಕೂ ಚಂದ ಇದ್ದವು, ಅದನ್ನು ಇಲ್ಲ ಅನ್ನಲಾರೆ. ನಮ್ಮ ಕಡೆಯ ಶಾಸನಗಳ ಬಗ್ಗೆ ಒಬ್ಬ ಮಾಸ್ತರು ಬರೆದ ಪುಸ್ತಕವನ್ನು ಅದರಲ್ಲೇ ಕೂರಿಸಿ ಕೊಟ್ಟೆ. ಪುಸ್ತಕ ನೋಡಿದವರೆಲ್ಲ ಮುದ್ರಣ ಚೊಕ್ಕ ಇದೆ ಅಂದರು.

ಮಳೆಗಾಲ ಶುರುವಾಗುವ ಮುಂಚಿನ ಒಂದು ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು, ಅದರ ಸಂಗಡ ಡಾಂಗಲ್ಲೂ. ಹಾರ್ಡ್‌ಡಿಸ್ಕ್ ಉಳಿಯಿತು, ಫೈಲ್‌ಗಳೂ ಉಳಿದವು. ಕಂಪನಿಗೆ ಫೋನ್ ಮಾಡಿದರೆ, ಆ ಆವೃತ್ತಿ ಈಗ ಇಲ್ಲ, ಹೊಸದು ಕೊಳ್ಳಿ ಎಂಬ ಉತ್ತರ. ಹೊಸದರಲ್ಲಿ ಅಕ್ಷರಸಂಕೇತವೇ ಬೇರೆ. ಹಳೆಯ ಫೈಲ್ ತೆರೆದರೆ ಅರ್ಧಕ್ಕರ್ಧ ಅಕ್ಷರಗಳು ಬೇರೆಯವೇ ಆಗಿ ಬರುತ್ತವೆಯಂತೆ. ಇದನ್ನು ಅವರೇ ಹೇಳಿದರು, ಪಾಪ, ಸುಳ್ಳು ಹೇಳಲಿಲ್ಲ. ನಾನು ದುಡ್ಡು ಕೊಟ್ಟು ಕೊಂಡ ಪ್ಯಾಕೇಜು, ಮಾಸ್ತರು ವರ್ಷಗಟ್ಟಲೆ ಗುಡ್ಡ ಬೆಟ್ಟ ಸುತ್ತಿ ಬರೆದ ಮ್ಯಾಟರು. ಎರಡಕ್ಕೂ ಬೀಗ ಬಿದ್ದು ಕೀಲಿಕೈ ಮೂರನೆಯವರ ಹತ್ತಿರ ಉಳಿಯಿತು.

ಇದರ ಒಳಗುಟ್ಟು ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತ ಎಂಬ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮೊದಲಿನ ಕನ್ನಡ ತಂತ್ರಾಂಶಗಳಲ್ಲಿ, ಡಾಂಗಲ್ ಇದ್ದವು ಇಲ್ಲದವು ಸೇರಿ ಹೆಚ್ಚಿನವುಗಳಲ್ಲಿ, ಕಂಪ್ಯೂಟರಿನ ಒಳಗೆ ಇದ್ದದ್ದು ಕನ್ನಡವಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕ’ ಬರೆದರೆ ಫೈಲಿನಲ್ಲಿ ಕೂರುವುದು ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಒಂದು ಎ. ಫಾಂಟು ಅವೆರಡಕ್ಕೂ ಕನ್ನಡದ ವೇಷ ಹಾಕಿ ಪರದೆಗೆ ಕಳಿಸುತ್ತದೆ. ಫಾಂಟು ತೆಗೆದರೆ ವೇಷ ಕಳಚಿತು. ಒಂದೊಂದು ಕಂಪನಿ ಒಂದೊಂದು ಬಗೆಯ ವೇಷ ಇಟ್ಟುಕೊಂಡಿತ್ತು. ಒಬ್ಬರ ಫೈಲು ಇನ್ನೊಬ್ಬರ ಫಾಂಟಿಗೆ ಹೊಂದದೆ ಇರುವುದೇ ಅವರ ವ್ಯಾಪಾರ. ಕನ್ನಡ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಸೇರಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂತು. ಆದರೆ ಡಿಟಿಪಿ ಅಂಗಡಿಗಳಿಗೆ ಯೂನಿಕೋಡ್ ಬಂದು ಮುಟ್ಟಲು ಅದಾದ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೆಲವು ಅಂಗಡಿಗಳಿಗೆ ಇನ್ನೂ ಮುಟ್ಟಿಲ್ಲ.

ಮುಟ್ಟದೇ ಇರಲು ಕಾರಣ ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದದ್ದು, 1994ರಲ್ಲಿ ಅಡೋಬಿ ಕಂಪನಿಯ ಕೈಗೆ ಬಂತು, 2001ರ 7.0 ಕೊನೆಯದು. ಯೂನಿಕೋಡ್ ಅದಕ್ಕೆ ತಿಳಿಯುವುದೇ ಇಲ್ಲ. ಅಡಿಟಿಪ್ಪಣಿ ಹಾಕುವ ಸೌಕರ್ಯ ಇಲ್ಲ, ಪುಟ ಸರಿದರೆ ಟಿಪ್ಪಣಿಯನ್ನೂ ಕೈಯಲ್ಲೇ ಸರಿಸಬೇಕು. ಆದರೂ ವೇಗಕ್ಕೆ ಅದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ ಅನ್ನುವವರು ನನ್ನ ಬೀದಿಯಲ್ಲೇ ಇದ್ದಾರೆ. ಕೈ ಕುದುರಿದವರ ಮಾತು, ನಿಜವೂ ಹೌದು. ಇನ್ನೊಂದು ನಿಜ ಯಾರೂ ಜೋರಾಗಿ ಹೇಳುವುದಿಲ್ಲ. ಒಂದೇ ಸಿಡಿ ಊರೆಲ್ಲ ಸುತ್ತಿ ಎಲ್ಲ ಅಂಗಡಿಗಳಲ್ಲೂ ಕೂತದ್ದು, ದುಡ್ಡು ಕೊಟ್ಟು ತಂದವರನ್ನು ನಾನು ನೋಡಿದ್ದು ಕಡಿಮೆ. ನಾವು ಮಾಡಿದ ಪುಸ್ತಕವನ್ನು ಯಾರಾದರೂ ಜೆರಾಕ್ಸ್ ಹೊಡೆಸಿ ಹಂಚಿದರೆ ಮಾತ್ರ ನಮಗೆ ಹೊಟ್ಟೆ ಉರಿಯುತ್ತದೆ!

ಹಳೆಯ ಫೈಲನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ನುಡಿ ಮತ್ತು ಬರಹ ಎಂಬ ತಂತ್ರಾಂಶಗಳ ಸಂಕೇತ ಎಲ್ಲರಿಗೂ ಗೊತ್ತಿರುವುದರಿಂದ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ನನ್ನ ಡಾಂಗಲ್ ಪ್ಯಾಕೇಜಿನ ಸಂಕೇತದ ಪಟ್ಟಿ ಮಾತ್ರ ಎಲ್ಲೂ ಸಿಗಲಿಲ್ಲ. ಆ ಪುಸ್ತಕವನ್ನು ಅಚ್ಚಾದ ಪ್ರತಿ ನೋಡಿಕೊಂಡು ಮತ್ತೆ ಟೈಪ್ ಮಾಡಿಸಿದೆ. ನುಡಿಯಲ್ಲಿದ್ದ ಉಳಿದ ಪುಸ್ತಕಗಳಿಗೆ ಪರಿವರ್ತಕ ಓಡಿಸಿದೆ. ನನ್ನ ತಲೆಗೂದಲು ಉದುರಿದ್ದು ಈ ಎರಡನೆಯ ಕೆಲಸದಲ್ಲಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ದಾರಿ ಹಿಡಿಯುವವರಿಗೆ ಇದು ಬೇರೆ ಯಾರೂ ಹೇಳದ ಸಂಗತಿ.

ಮೊದಲ ಕಾಟ ಅರ್ಕಾವತ್ತಿನದು. ‘ಸೂರ್ಯ’ ಅನ್ನುವಾಗ ಬಾಯಿ ರಕಾರವನ್ನು ಮೊದಲು ಹೇಳುತ್ತದೆ, ಕೈ ಅದನ್ನು ಕೊನೆಗೆ ಬರೆಯುತ್ತದೆ. ಯೂನಿಕೋಡ್ ಬಾಯಿಯ ಕ್ರಮ ಹಿಡಿಯಿತು, ಹಳೆಯ ಫಾಂಟುಗಳು ಕೈಯ ಕ್ರಮ ಹಿಡಿದವು. ಹಾಗಾಗಿ ಪರಿವರ್ತಕ ಅರ್ಕಾವತ್ತು ಕಂಡ ಕೂಡಲೇ ಹಿಂದಕ್ಕೆ ನಡೆದು, ದೀರ್ಘ ದಾಟಿ, ಒತ್ತು ದಾಟಿ, ಆ ಅಕ್ಷರದ ಬುಡಕ್ಕೆ ಹೋಗಿ ರಕಾರವನ್ನು ನೆಡಬೇಕು. ‘ವರ್ಷ’ದಲ್ಲಿ ಸುಲಭ. ‘ಊರ್ಧ್ವ’, ‘ಮರ್ತ್ಯ’ ಬಂದಾಗ ಎಷ್ಟು ಹಿಂದಕ್ಕೆ ಹೋಗಬೇಕು ಎಂದು ಕೆಲವು ಪರಿವರ್ತಕಗಳು ತಡವರಿಸುತ್ತವೆ. ಪ್ರಸಂಗದ ಪದ್ಯಗಳಲ್ಲಿ ಇಂಥವು ಸಾಲಿಗೊಂದು. ಪ್ರೂಫ್ ನೋಡಲು ಕೊಟ್ಟಿದ್ದ ಹಿರಿಯರೊಬ್ಬರು ಕನ್ನಡಕ ಹಣೆಗೆ ಏರಿಸಿ, ‘ತಂಗೀ, ನನ್ನ ಅರ್ಕಾವತ್ತೆಲ್ಲ ಎಲ್ಲಿಗೆ ಹೋತು?’ ಎಂದು ಕೇಳಿದರು.

ಎರಡನೆಯದು ಒಂಬತ್ತರ ಕಾಟ. ಅರ್ಕಾವತ್ತಿನ ಆಕಾರವೂ ಕನ್ನಡದ ಒಂಬತ್ತರ ಆಕಾರವೂ ಒಂದೇ. ಅದರಿಂದ ಬಹಳ ಜನ ‘ಸೂಯ೯’ ಎಂದೇ ಹೊಡೆಯುತ್ತಾರೆ. ಅಂಗಡಿ ಬೋರ್ಡುಗಳಲ್ಲಿ ನೋಡಿ, ವಾಟ್ಸಾಪಿನಲ್ಲಿ ಬರುವ ಮ್ಯಾಟರಿನಲ್ಲಿ ನೋಡಿ. ಕಣ್ಣಿಗೆ ವ್ಯತ್ಯಾಸ ಇಲ್ಲ. ಆದರೆ ‘ಸೂರ್ಯ’ ಎಂದು ಹುಡುಕಿದರೆ ಆ ಪದ ಸಿಗುವುದಿಲ್ಲ, ಅಕಾರಾದಿ ಮಾಡಿದರೆ ಎಲ್ಲೋ ಹೋಗಿ ಕೂರುತ್ತದೆ. ಎಲ್ಲ ಒಂಬತ್ತುಗಳನ್ನೂ ಒಮ್ಮೆಲೇ ಬದಲಿಸೋಣ ಅಂದರೆ ೧೯೪೭ರ ಗತಿ ಏನು? ಅಕ್ಷರದ ಬೆನ್ನಿಗೆ ಅಂಟಿಕೊಂಡ ಒಂಬತ್ತು ಮಾತ್ರ ಅರ್ಕಾವತ್ತು ಎಂದು ನಿಯಮ ಮಾಡಿಕೊಂಡೆ. ಆಗ ‘ಪುಟ೯’ ಎಂದು ಜಾಗ ಬಿಡದೆ ಹೊಡೆದ ಪುಣ್ಯಾತ್ಮರು ಸಿಕ್ಕರು.

ಸೊನ್ನೆಯದೂ ಇದೇ ಕಥೆ. ಅನುಸ್ವಾರಕ್ಕೆ ಬದಲು ಅಂಕಿಯ ಸೊನ್ನೆ ಹೊಡೆದು ‘ಬೆ೦ಗಳೂರು’ ಮಾಡುತ್ತಾರೆ. ಅಕ್ಷರಗಳ ನಡುವಿನ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಬಹುದು. ಅಂಕಿಯ ಪಕ್ಕದ್ದನ್ನು ಮುಟ್ಟಬಾರದು, ಮುಟ್ಟಿದರೆ ‘೧೦ನೆಯ’ ಶತಮಾನ ಕೆಡುತ್ತದೆ. ಶಾಸನದ ಪುಸ್ತಕದಲ್ಲಿ ಶತಮಾನ ಕೆಟ್ಟರೆ ಉಳಿಯುವುದೇನು? ಇದರ ಮೇಲೆ ನುಡಿಯ ಕನ್ನಡ ಅಂಕಿಯ ಫಾಂಟುಗಳಲ್ಲಿ ಇದ್ದ ಫೈಲು ತಿರುಗಿಸಿದರೆ ಅಂಕಿಗಳೆಲ್ಲ ಇಂಗ್ಲಿಷಿಗೆ ಮರಳುತ್ತವೆ. ಒಳಗೆ ಇದ್ದದ್ದು ಮೊದಲಿನಿಂದಲೂ ಅದೇ ಅಲ್ಲವೇ, ತೋರಿಕೆ ಮಾತ್ರ ಕನ್ನಡದ್ದು.

ಇನ್ನು ಕಣ್ಣಿಗೆ ಕಾಣದ ಅಕ್ಷರಗಳು. ‘ರಾಜ್‌ಕುಮಾರ್’ ಬರೆಯುವಾಗ ಜಕಾರ ಮತ್ತು ಕಕಾರದ ನಡುವೆ, ಅವೆರಡೂ ಅಂಟಿಕೊಳ್ಳದಂತೆ ತಡೆಯುವ ಒಂದು ಅದೃಶ್ಯ ಸಂಕೇತ ಇರಬೇಕು. ಇಲ್ಲದಿದ್ದರೆ ಅಣ್ಣಾವ್ರು ‘ರಾಜ್ಕುಮಾರ್’ ಆಗುತ್ತಾರೆ. ‘ರ‍್ಯಾಂಕ್’ಗೆ ಇನ್ನೊಂದು ಬೇರೆಯದೇ ಸಂಕೇತ ಬೇಕು, ಅದು ಬಿಟ್ಟುಹೋದರೆ ‘ರ್ಯಾಂಕ್’ ಆಗಿ ರಕಾರ ಹಾರಿ ಅರ್ಕಾವತ್ತಾಗುತ್ತದೆ. ಸೊಸೈಟಿ ವರದಿಯಲ್ಲಿ ‘ಬ್ಯಾಂಕ್‌ನಲ್ಲಿ’ ಅನ್ನುವ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಲು ಹೋಗಬೇಡಿ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಈ ಕೊಳೆ ತೊಳೆಯಲು ನಿಯಮ ಕೊಟ್ಟು ಹುಡುಕಿ ಬದಲಿಸುವ ಅನುಕೂಲ ಬೇಕು. ‘ಕನ್ನಡ ಅಕ್ಷರದ ನಂತರ ಬಂದು, ಮುಂದೆ ಅಂಕಿ ಇಲ್ಲದ ಒಂಬತ್ತು’ ಎಂಬಂಥ ನಿಯಮ. ಪೇಜ್‌ಮೇಕರಿನಲ್ಲಿ ಅದು ಆಗದು. ಅಡೋಬಿಯದೇ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ಗ್ರೆಪ್ ಹೆಸರಿನಲ್ಲಿ ಇದೆ, ಲಿಬ್ರೆಆಫೀಸಿನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಇದೆ. ಕೆಲಸದಲ್ಲಿ ಎರಡೂ ಸಮ. ಒಂದು ಬಿಟ್ಟಿ, ಇನ್ನೊಂದಕ್ಕೆ ತಿಂಗಳ ಬಾಡಿಗೆ.

ಬಾಡಿಗೆ ಅಂದೆ. ಇನ್‌ಡಿಸೈನ್ ಬಗ್ಗೆ ನನಗಿರುವ ತಕರಾರೆಲ್ಲ ಆ ಒಂದು ಪದದಲ್ಲಿದೆ. ತಂತ್ರಾಂಶವಾಗಿ ಅದು ಗಟ್ಟಿ ಆಳು. 2012ರ ಸಿಎಸ್6ರಿಂದ ಭಾರತೀಯ ಲಿಪಿಗಳು ಅದರಲ್ಲಿ ಸರಿಯಾಗಿ ಮೂಡುತ್ತವೆ, ಒಂದು ಷರತ್ತಿನ ಮೇಲೆ. ಪ್ಯಾರಾಗ್ರಾಫಿನ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿಕೊಳ್ಳಬೇಕು. ಆರಿಸದಿದ್ದರೆ ‘ಸ್ತ್ರೀ’ ಮುರಿದು ಬಿದ್ದು ಸಕಾರ ಒಂದು ಕಡೆ, ತಕಾರ ಒಂದು ಕಡೆ. ಬೇರೆ ಫೈಲಿನಿಂದ ಮ್ಯಾಟರ್ ತಂದು ಅಂಟಿಸಿದಾಗ ಅದರ ಸ್ಟೈಲ್ ಜೊತೆಗೆ ಹಳೆಯ ಕಂಪೋಸರೂ ನುಸುಳಿ ಬಂದು ನಡುವಿನ ಒಂದೇ ಪ್ಯಾರಾ ಕೆಡುತ್ತದೆ. ಒಮ್ಮೆ ಗೊತ್ತಾದರೆ ಇದು ದೊಡ್ಡದಲ್ಲ. ಎರಡು ಕಾಲಮ್, ಮೂರು ಕಾಲಮ್ಮಿನ ಪುಟದಲ್ಲಿ ಅದು ಸಾಲು ಜೋಡಿಸುವ ಚಂದ ಬೇರೆ ಯಾವುದಕ್ಕೂ ಬಾರದು. ನಮ್ಮ ಉದ್ದುದ್ದ ಸಮಾಸಪದಗಳು ಸಣ್ಣ ಕಾಲಮ್ಮಿನಲ್ಲಿ ಬಂದಾಗ ಎಲ್ಲಿ ಒಡೆಯಬೇಕು, ಎಲ್ಲಿ ಕೂದಲೆಳೆಯಷ್ಟು ಹಿಗ್ಗಿಸಬೇಕು ಅನ್ನುವುದು ಅದಕ್ಕೆ ಗೊತ್ತು.

2013ರಿಂದ ಅಡೋಬಿ ಹೊಸ ಆವೃತ್ತಿಗಳನ್ನು ಮಾರುವುದು ಬಿಟ್ಟು ಚಂದಾಕ್ಕೆ ಕೊಡತೊಡಗಿತು. ಚಂದಾ ನಿಂತರೆ ನಾನೇ ಮಾಡಿದ ಫೈಲನ್ನು ನಾನೇ ತೆರೆಯಲಾರೆ. ನನ್ನ ಡಾಂಗಲ್ಲಿಗೂ ಇದಕ್ಕೂ ಏನು ವ್ಯತ್ಯಾಸ? ಡಾಂಗಲ್ ಆದರೂ ನನ್ನ ಮೇಜಿನ ಮೇಲಿತ್ತು.

ಇದು ನನ್ನ ವಹಮು ಅಂದುಕೊಳ್ಳಬೇಡಿ. 2019ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ನಿರ್ಬಂಧದ ಕಾರಣಕ್ಕೆ ವೆನೆಜುವೆಲಾದ ಎಲ್ಲ ಖಾತೆಗಳನ್ನೂ ಮುಚ್ಚುವುದಾಗಿ ಅಡೋಬಿ ಪ್ರಕಟಿಸಿತು. ಕೆಲವೇ ವಾರಗಳಲ್ಲಿ ಪರವಾನಗಿ ಸಿಕ್ಕಿ ಆ ನಿರ್ಧಾರ ಹಿಂತೆಗೆಯಿತು, ಸರಿ. ಆದರೆ ಎರಡು ಸರ್ಕಾರಗಳ ಜಗಳದಲ್ಲಿ ಯಾವುದೋ ಊರಿನ ನನ್ನಂಥವಳ ಅಂಗಡಿಯ ಫೈಲು ಕೂಡ ಸಿಕ್ಕಿಕೊಳ್ಳಬಹುದು ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು. 2022ರಲ್ಲಿ ಅಚ್ಚಿನವರು ಸಂಖ್ಯೆಯಿಂದ ಗುರುತಿಸುವ ಪ್ಯಾಂಟೋನ್ ಬಣ್ಣಗಳ ಬಗ್ಗೆ ಅಡೋಬಿಯ ಒಪ್ಪಂದ ಬದಲಾದಾಗ, ಬೇರೆ ದುಡ್ಡು ಕಟ್ಟದವರ ಹಳೆಯ ಫೈಲುಗಳಲ್ಲಿ ಆ ಬಣ್ಣಗಳ ಜಾಗ ಕಪ್ಪಾಗಿ ತೆರೆದುಕೊಂಡಿತು. ವರ್ಷದ ಚಂದಾವನ್ನು ತಿಂಗಳ ಕಂತಿನಲ್ಲಿ ಕಟ್ಟುವ ಯೋಜನೆಯನ್ನು ನಡುವೆ ಬಿಟ್ಟರೆ ಬೀಳುವ ಶುಲ್ಕವನ್ನು ಕಾಣದಂತೆ ಮುಚ್ಚಿಟ್ಟಿದ್ದಾರೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನಿನಲ್ಲಿ ಮೊಕದ್ದಮೆ ಹೂಡಿತು. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಇದ್ದೀತು. ಎಲ್ಲದರಲ್ಲೂ ಕೀಲಿಕೈ ಎಲ್ಲಿತ್ತು ಅನ್ನುವುದನ್ನಷ್ಟೇ ನಾನು ನೋಡುತ್ತೇನೆ.

ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್ ಎಂಬ ಉಚಿತ ತಂತ್ರಾಂಶದಿಂದ ಕವಲೊಡೆದದ್ದು. ಅದರಲ್ಲಿ ಉಳಿಸಿದ ಫೈಲು ಒಂದು ಜಿಪ್ ಗಂಟು, ಬಿಚ್ಚಿದರೆ ಒಳಗೆ ಮ್ಯಾಟರ್ ಓದುವಂತೆ ಕನ್ನಡದಲ್ಲೇ ಕಾಣುತ್ತದೆ. ನಾಳೆ ಲಿಬ್ರೆಆಫೀಸೇ ಇಲ್ಲವಾದರೂ ಆ ಗಂಟು ಬಿಚ್ಚಲು ಯಾರನ್ನೂ ಕೇಳಬೇಕಿಲ್ಲ. ನನ್ನ ಪುಸ್ತಕಗಳಲ್ಲಿ ಅಡಿಟಿಪ್ಪಣಿ ಬಹಳ. ಶಾಸನದ ಮಾಸ್ತರು ಅರ್ಧ ಪುಸ್ತಕವನ್ನು ಪುಟದ ಬುಡದಲ್ಲೇ ಬರೆದಿದ್ದಾರೆ. ಟಿಪ್ಪಣಿ, ಪರಿವಿಡಿ, ಪದಸೂಚಿ ಮೂರೂ ಅದರ ಬರವಣಿಗೆಯ ಭಾಗವಾದ ರೈಟರಿನಲ್ಲಿ ತಾವಾಗಿ ಹೊಂದಿಕೊಳ್ಳುತ್ತವೆ. ಪುಟ ಸರಿದರೆ ಟಿಪ್ಪಣಿಯೂ ಸರಿಯುತ್ತದೆ. ಪೇಜ್‌ಮೇಕರಿನಿಂದ ಬಂದವಳಿಗೆ ಇದೇ ಹಬ್ಬ.

ಹಾಗಂತ ಕಾಟವೇ ಇಲ್ಲವೆಂದಲ್ಲ. ಅದು ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಫಾಂಟನ್ನು ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ಗೊತ್ತಿಲ್ಲದೆ ಒಂದನ್ನಷ್ಟೇ ಬದಲಿಸಿದರೆ ಅಕ್ಷರ ಹನ್ನೆರಡು ಪಾಯಿಂಟಿನಲ್ಲಿ, ಆವರಣ ಚಿಹ್ನೆ ಹದಿನಾಲ್ಕರಲ್ಲಿ ನಿಲ್ಲುತ್ತದೆ. ಸ್ಟೈಲಿನಲ್ಲಿ ಎರಡನ್ನೂ ಒಮ್ಮೆ ಸರಿಮಾಡಿ, ಆಮೇಲೆ ಮೇಲಿನ ಪಟ್ಟಿಯ ಫಾಂಟಿನ ಪೆಟ್ಟಿಗೆಗೆ ಕೈ ಹಾಕಲೇಬೇಡಿ. ನೋಟೊ ಫಾಂಟುಗಳಲ್ಲಿ ಸಾಲಿನ ನಡುವೆ ಗಾಡಿ ಹೋಗುವಷ್ಟು ಜಾಗ ಬಿಡುತ್ತದೆ. ಸಾಲಿನ ಎತ್ತರವನ್ನು ‘ಫಿಕ್ಸ್‌ಡ್’ ಮಾಡಿಕೊಂಡರೆ ಸರಿ, ಆದರೆ ಬಹಳ ಬಿಗಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೊಡೆಯುತ್ತದೆ. ‘ರಾಷ್ಟ್ರ’ ಬರೆದು ನೋಡಿಕೊಳ್ಳಿ, ಅದಕ್ಕೆ ಜಾಗ ಸಿಕ್ಕರೆ ಎಲ್ಲಕ್ಕೂ ಸಿಕ್ಕಿತು.

ಹಳಗನ್ನಡದ ಱ ಮತ್ತು ೞ ಬೇಕಾದವರು ಫಾಂಟ್ ಆರಿಸುವಾಗ ಎಚ್ಚರ. ಫಾಂಟಿನಲ್ಲಿ ಅವು ಇಲ್ಲದಿದ್ದರೆ ರೈಟರ್ ಸದ್ದಿಲ್ಲದೆ ಬೇರೆ ಫಾಂಟಿನಿಂದ ತಂದು ಹಾಕುತ್ತದೆ. ಪರದೆಯಲ್ಲಿ ಗೊತ್ತಾಗುವುದಿಲ್ಲ, ಅಚ್ಚಿನಲ್ಲಿ ಆ ಒಂದು ಅಕ್ಷರ ಮಾತ್ರ ದಪ್ಪಗೆ ಎದ್ದು ಕಾಣುತ್ತದೆ. ಅಂದಹಾಗೆ ೞಕಾರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ‘ಫ’ (FA) ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸುವುದಿಲ್ಲ ಎಂಬುದು ಅವರ ನಿಯಮ, ಹಾಗಾಗಿ ಅದು ಹಾಗೇ ಇರುತ್ತದೆ. ಹುಡುಕುವಾಗ ಕಂಗೆಡಬೇಡಿ.

ಅಚ್ಚಿನವರಿಗೆ ಕೊಡುವಾಗಿನ ಸಂಗತಿ ಒಂದಿದೆ. ರೈಟರ್ ಮಾಡುವ ಪಿಡಿಎಫ್‌ನಲ್ಲಿ ಕಪ್ಪು ಅನ್ನುವುದು ಪರದೆಯ ಕಪ್ಪು. ಪ್ಲೇಟ್ ಮಾಡುವವರು ಗಮನಿಸದಿದ್ದರೆ ಅದು ನಾಲ್ಕೂ ಬಣ್ಣಕ್ಕೆ ಒಡೆದುಹೋಗುತ್ತದೆ. ಒಳಪುಟಗಳಿಗೆ ‘ಒಂದೇ ಬಣ್ಣ, ಕಪ್ಪು ಪ್ಲೇಟ್ ಮಾತ್ರ’ ಎಂದು ಬರೆದೇ ಕಳಿಸುತ್ತೇನೆ. ಬಾಯಲ್ಲಿ ಹೇಳಿದ್ದು ಪ್ರೆಸ್ಸಿನ ಸದ್ದಿಗೆ ಕೇಳಿಸುವುದಿಲ್ಲ. ಮುಖಪುಟವನ್ನು ಸ್ಕ್ರೈಬಸ್‌ನಲ್ಲಿ ಮಾಡುತ್ತೇನೆ. ಅದೂ ಉಚಿತ, ಅಚ್ಚಿನ ನಾಲ್ಕು ಬಣ್ಣ ಅದಕ್ಕೆ ಗೊತ್ತು. ಅದರ ಹಳೆಯ 1.4ರಲ್ಲಿ ಕನ್ನಡ ಒಡೆದು ಬೀಳುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಒತ್ತುಗಳು ಜಾಗದಲ್ಲಿ ನಿಲ್ಲುತ್ತವೆ. ಇಡೀ ಪುಸ್ತಕವನ್ನು ಅದರಲ್ಲಿ ಕೂರಿಸುವ ತಾಳ್ಮೆ ನನಗಿಲ್ಲ.

ಸಾಲು ತುಂಬಿಸುವಾಗ ನಡುವೆ ಬೀಳುವ ಖಾಲಿ ಜಾಗ ರೈಟರಿನ ದೊಡ್ಡ ಕೊರತೆ. ಡೆಮಿ ಅಷ್ಟಾಂಶದ ಒಂದೇ ಕಾಲಮ್ಮಿನ ಪುಟದಲ್ಲಿ ಸಹಿಸಬಹುದು. ತೀರಾ ಅಸಹ್ಯ ಕಂಡಲ್ಲಿ ಕಂಟ್ರೋಲ್ ಹಿಡಿದು ಹೈಫನ್ ಒತ್ತಿ ಪದವನ್ನು ನಾನೇ ಒಡೆಯುತ್ತೇನೆ. ಎರಡು ಕಾಲಮ್ ಬಂದರೆ ಸೋತೆ. ಇದರಲ್ಲಿ ಇನ್‌ಡಿಸೈನ್ ಗೆದ್ದಿತು, ವಾದ ಬೇಡ.

ಕೀಲಿಮಣೆ ವಿಷಯದಲ್ಲಿ ಹೋಲಿಕೆಗೆ ಏನೂ ಇಲ್ಲ, ನನ್ನ ಬೆರಳು ನುಡಿಯದ್ದು. ಕೆ.ಪಿ. ರಾಯರು ರೂಪಿಸಿದ ಆ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ, ಎಫ್ ಒತ್ತಿದರೆ ಒತ್ತು ಬರುವುದು ಎಲ್ಲ ಕಡೆಯೂ ಒಂದೇ. ರಾಯರು ಅದನ್ನು ತಮ್ಮ ಸ್ವತ್ತೆಂದು ಬೇಲಿ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಇವತ್ತು ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಲು ಎಷ್ಟು ಡಾಂಗಲ್ ಬೇಕಾಗುತ್ತಿತ್ತೋ. ತಂತ್ರಜ್ಞಾನದ ನೀತಿ ಎಂದು ದೊಡ್ಡ ಸಭೆಗಳಲ್ಲಿ ಮಾತಾಡುವವರು ಈ ಹೆಸರನ್ನು ತೆಗೆಯುವುದು ಕಡಿಮೆ. ಬರಹ ಮೆಚ್ಚಿದವರು ಬರಹವನ್ನೇ ಬಳಸಲಿ, ಉಚ್ಚಾರದಂತೆ ಇಂಗ್ಲಿಷಿನಲ್ಲಿ ಹೊಡೆಯುವುದು ಕೆಲವರಿಗೆ ಸಲೀಸು. ಒಳಗೆ ಯೂನಿಕೋಡ್ ಇದ್ದರಾಯಿತು.

ಈಚೆಗೆ ಇನ್ನೊಂದು ಪ್ರಶ್ನೆ ಬರುತ್ತಿದೆ. ಪ್ರೂಫ್ ತಿದ್ದಲು ಎಐಗೆ ಕೊಡಬಹುದಲ್ಲ, ಪರಿವರ್ತನೆಯ ಕೊಳೆಯನ್ನೂ ಅದೇ ತೊಳೆಯುತ್ತದಲ್ಲ ಎಂದು. ಕೊಟ್ಟು ನೋಡಿದೆ, ನನ್ನದೇ ಒಂದು ಹಳೆಯ ಲೇಖನವನ್ನು. ಒಂಬತ್ತು, ಸೊನ್ನೆಗಳನ್ನು ಚೆನ್ನಾಗಿಯೇ ಹಿಡಿಯಿತು, ನನ್ನ ನಿಯಮಗಳಿಗಿಂತ ಜಾಣತನದಿಂದ. ಆದರೆ ಕೇಳದೆಯೇ ನಮ್ಮ ಕಡೆಯ ಮಾತುಗಳನ್ನೂ ತೊಳೆದು ಇಸ್ತ್ರಿ ಹಾಕಿತು. ‘ಹೋತು’ ಇದ್ದದ್ದು ‘ಹೋಯಿತು’ ಆಯಿತು, ‘ಎಂತ’ ಇದ್ದದ್ದು ‘ಏನು’ ಆಯಿತು. ಹೊರನೋಟಕ್ಕೆ ತಪ್ಪೇ ಇಲ್ಲದ ಪುಟ, ಹಾಗಾಗಿ ಎಲ್ಲೆಲ್ಲಿ ಮುಟ್ಟಿದೆ ಎಂದು ಹುಡುಕಲು ಮೂಲದ ಜೊತೆ ಸಾಲು ಸಾಲು ಹೋಲಿಸಬೇಕಾಯಿತು. ಉಳಿಸಿದ ಸಮಯವೆಲ್ಲ ಅಲ್ಲೇ ಖರ್ಚಾಯಿತು.

ಅದಕ್ಕಿಂತ ದೊಡ್ಡ ಅಳುಕು ಬೇರೆ. ಇನ್ನೂ ಅಚ್ಚಾಗದ ಪುಸ್ತಕವನ್ನು ಲೇಖಕರು ನನ್ನ ಪೆನ್‌ಡ್ರೈವಿಗೆ ಹಾಕಿ ಕೊಟ್ಟದ್ದು ನನ್ನನ್ನು ನಂಬಿ. ಅದನ್ನು ಯಾವುದೋ ಉಚಿತ ತಾಣಕ್ಕೆ ಏರಿಸುವ ಹಕ್ಕು ನನಗೆ ಎಲ್ಲಿಂದ ಬಂತು? ‘ಆನ್‌ಲೈನ್ ಪರಿವರ್ತಕ’ ಎಂಬ ಹೆಸರಿನ ತಾಣಗಳಿಗೂ ಇದೇ ಮಾತು. ಅಂಟಿಸಿದ ಮ್ಯಾಟರ್ ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲ ತಾಣಗಳೂ ಹೇಳುವುದಿಲ್ಲ. ನೆಟ್ ಕಿತ್ತಿಟ್ಟರೂ ಓಡುವ ಪರಿವರ್ತಕವನ್ನೇ ಇಟ್ಟುಕೊಂಡಿದ್ದೇನೆ. ಲೇಖಕರು ಒಪ್ಪಿ ಬರೆದುಕೊಟ್ಟರೆ ಮಾತ್ರ ಬೇರೆ ಕಡೆಗೆ ಏರಿಸುತ್ತೇನೆ. ಕೇಳಿದಾಗ ಹೆಚ್ಚಿನವರು ‘ನಿಂಗೆ ಸರಿ ಕಂಡಂಗೆ ಮಾಡು ತಂಗಿ’ ಅನ್ನುತ್ತಾರೆ. ಅದು ಒಪ್ಪಿಗೆಯಲ್ಲ, ವಿಶ್ವಾಸ. ಅದನ್ನು ಒಪ್ಪಿಗೆ ಎಂದು ಎಣಿಸಲು ನನಗೆ ಮನಸ್ಸಿಲ್ಲ.

ಯಾರಿಗೆ ಯಾವುದು? ಅಡಿಟಿಪ್ಪಣಿ ಇರುವ, ಕಪ್ಪು ಬಿಳುಪಿನ, ಒಂದು ಕಾಲಮ್ಮಿನ ಪುಸ್ತಕ ಮಾಡುವವರಿಗೆ ಲಿಬ್ರೆಆಫೀಸ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೆಯ ಕಾಗದ ಹಾಕಿಸಿ. ವಾರಪತ್ರಿಕೆ ಮಾಡುವವರಿಗೆ ಇನ್‌ಡಿಸೈನ್ ಬಿಟ್ಟು ಗತಿಯಿಲ್ಲ. ಚಂದಾವನ್ನು ಜಾಹೀರಾತಿನವರ ಲೆಕ್ಕಕ್ಕೆ ಹಾಕಿ, ಆದರೆ ಮ್ಯಾಟರನ್ನೆಲ್ಲ ಬೇರೆಯಾಗಿ ಸಾದಾ ಯೂನಿಕೋಡ್ ಫೈಲಿನಲ್ಲೂ ಇಟ್ಟುಕೊಳ್ಳಿ. ಪೇಜ್‌ಮೇಕರಿನಲ್ಲಿ ಇರುವವರು ಹೊಸ ಪುಸ್ತಕವನ್ನು ಅದರಲ್ಲಿ ಶುರು ಮಾಡಬೇಡಿ, ಹಳೆಯದನ್ನು ಮುಗಿಸಿ. ಡಾಂಗಲ್ ತೋರಿಸಿ ಯಾರಾದರೂ ಮಾರಲು ಬಂದರೆ, ಅದು ಕೆಟ್ಟರೆ ಫೈಲು ಹೇಗೆ ತೆರೆಯುವುದು ಎಂದು ಕೇಳಿ, ಉತ್ತರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ.

ಬರುವ ಜನವರಿಗೆ ಇಲ್ಲಿನ ಸಂಘವೊಂದರ ಸ್ಮರಣ ಸಂಚಿಕೆ ಒಪ್ಪಿಕೊಂಡಿದ್ದೇನೆ. ಪುಟಕ್ಕೆ ಮೂರು ಕಾಲಮ್, ಬಣ್ಣದ ಜಾಹೀರಾತು ಬೇರೆ. ಅದಕ್ಕೆ ಇನ್‌ಡಿಸೈನನ್ನೇ ಬಾಡಿಗೆಗೆ ತರುತ್ತೇನೆ, ಒಂದೇ ತಿಂಗಳಿಗೆ. ದರ ಹೆಚ್ಚಾದರೂ ತಿಂಗಳ ಯೋಜನೆಯೇ ಬೇಕು, ವರ್ಷದ್ದಲ್ಲ. ಅದನ್ನು ಸಂಘದವರ ಅಂದಾಜುಪಟ್ಟಿಯಲ್ಲಿ ಬೇರೆ ಸಾಲಾಗಿ ತೋರಿಸಿದ್ದೇನೆ. ಖಜಾಂಚಿಯವರು ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಇಟ್ಟುಕೊಂಡಿದ್ದಾರೆ, ಇನ್ನೂ ಹೂಂ ಅಂದಿಲ್ಲ.